ಕೆರೆ ಒಣಗಿದಾಗಲೂ ಆಕಾಶ ನೀಲಿಯೇ ಇತ್ತು

ಕೋಲಾರ ಸೀಮೆಯವರಷ್ಟು ಆಕಾಶ ನೋಡುವವರು ಕಡಿಮೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಪಾಲಾರ್, ದಕ್ಷಿಣ ಪಿನಾಕಿನಿ ಭೂಪಟದಲ್ಲಿ ನೀಲಿ ಗೆರೆಗಳು. ಹೋಗಿ ನೋಡಿದರೆ ಬಹಳಷ್ಟು ದಿನ ಬರೀ ಮರಳು, ಸೀಮೆಜಾಲಿ. ಹಾಗಾಗಿ ಮುಂಗಾರಿನ ಹೊತ್ತಿನಲ್ಲಿ ಆಕಾಶ ಅಚ್ಚ ನೀಲಿಯಾಗಿದ್ದರೆ ಇಲ್ಲಿ ಯಾರೂ ಆಹಾ ಅನ್ನುವುದಿಲ್ಲ. ರಾಗಿ ಬಿತ್ತಲು ಹದ ಕಾಯುತ್ತಿರುವವರು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, "ಒಂದು ಮೋಡಾನೂ ಇಲ್ವಲ್ಲಪ್ಪ" ಎಂದು ಗೊಣಗಿ ಒಳಗೆ ಹೋಗುತ್ತಾರೆ.

ಇಷ್ಟೊಂದು ನೋಡುವ ಆಕಾಶ ನೀಲಿ ಏಕೆ ಎಂದು ಕೇಳಿ ನೋಡಿ, ಊರಿಗೊಂದು ಉತ್ತರ ಸಿಗುತ್ತದೆ. ಶಾಲೆಯಲ್ಲಿ ಅರ್ಧ ಕೇಳಿಸಿಕೊಂಡದ್ದು, ಮೊಬೈಲಿಗೆ ಬಂದದ್ದು, ಹಿರಿಯರು ಹೇಳಿದ್ದು ಎಲ್ಲ ಅದರಲ್ಲಿ ಕಲಸಿಹೋಗಿರುತ್ತದೆ. ಹೆಚ್ಚು ಚಾಲ್ತಿಯಲ್ಲಿರುವ ಹತ್ತನ್ನು ಇಲ್ಲಿ ಒಂದೊಂದಾಗಿ ಬಿಡಿಸಿದ್ದೇನೆ. ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಒಂದು ಸುತ್ತು ಹಾಕಿದರೆ ಸಾಕು.

1. ತಪ್ಪು ಕಲ್ಪನೆ: ಸಮುದ್ರದ ನೀಲಿಯೇ ಆಕಾಶದಲ್ಲಿ ಪ್ರತಿಫಲಿಸುತ್ತದೆ

ವಾಸ್ತವ: ಹಾಗಿದ್ದರೆ ಕೋಲಾರದ ಆಕಾಶಕ್ಕೆ ನೀಲಿ ಎಲ್ಲಿಂದ ಬರಬೇಕು? ಹತ್ತಿರದ ಸಮುದ್ರವೆಂದರೆ ಚೆನ್ನೈಯದು, ಅದೂ ಇನ್ನೂರು ಕಿಲೋಮೀಟರಿಗಿಂತ ಆಚೆ. ನೆಲದ ಬಣ್ಣವೇ ಮೇಲಕ್ಕೆ ಹೋಗುವುದಾದರೆ ನಮ್ಮ ತಲೆಯ ಮೇಲೆ ಕೆಮ್ಮಣ್ಣಿನ ಆಕಾಶ ಇರಬೇಕಿತ್ತು. ಇಲ್ಲಿನ ಕೆರೆಗಳು ವರ್ಷಗಟ್ಟಲೆ ಒಣಗಿ ಬಿದ್ದು, ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡಿದ ಕಾಲದಲ್ಲೂ ಆಕಾಶ ನೀಲಿಯೇ ಇತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಮುಂದೆ ಒಂದೊಂದೇ ಕೆರೆ ತುಂಬಿತು. ಅದರಿಂದ ಆಕಾಶದ ನೀಲಿ ಒಂದು ಚೂರೂ ಹೆಚ್ಚಲಿಲ್ಲ.

ಸಾಲ ಕೊಟ್ಟವರು ಯಾರು, ಪಡೆದವರು ಯಾರು ಎಂಬುದೇ ಇಲ್ಲಿ ತಿರುಗುಮುರುಗಾಗಿದೆ. ತುಂಬಿದ ಕೆರೆಯ ಏರಿ ಮೇಲೆ ನಿಂತು ದೂರದ ನೀರನ್ನು ನೋಡಿ, ನೀಲಿ ಕಾಣುತ್ತದೆ. ತೂಬಿನ ಹತ್ತಿರ ಬಂದು ನೇರ ಕೆಳಗೆ ಬಗ್ಗಿ ನೋಡಿ, ಅದೇ ನೀರು ಹಸಿರು ಅಥವಾ ಮಣ್ಣುಬಣ್ಣ. ನೇರವಾಗಿ ಬಿದ್ದ ಬೆಳಕಿನಲ್ಲಿ ನೀರಿನ ಮೈ ವಾಪಸು ಕಳಿಸುವುದು ನೂರಕ್ಕೆ ಎರಡು ಪಾಲು ಮಾತ್ರ. ಓರೆಯಾಗಿ ಬಿದ್ದಷ್ಟೂ ಅದು ಕನ್ನಡಿಯಾಗುತ್ತಾ ಹೋಗುತ್ತದೆ. ದೂರದ ಕೆರೆ ತೋರಿಸುತ್ತಿರುವುದು ಆಕಾಶವನ್ನು.

2. ತಪ್ಪು ಕಲ್ಪನೆ: ಗಾಳಿಯ ಬಣ್ಣವೇ ನೀಲಿ

ವಾಸ್ತವ: ಬಿಳಿ ಪಂಚೆಯನ್ನು ನೀಲಿಯಲ್ಲಿ ಅದ್ದುವ ಹಾಗೆ ಗಾಳಿಗೂ ಒಂದು ಬಣ್ಣ ಅದ್ದಿದೆ ಎಂದು ಅನೇಕರ ನಂಬಿಕೆ. ಬಣ್ಣದ ನೀರಿನ ಕೆಲಸ ಬೇರೆ. ಅದು ಕೆಂಪನ್ನು ನುಂಗಿ ನೀಲಿಯನ್ನು ದಾಟಲು ಬಿಡುತ್ತದೆ. ಗಾಳಿಯೂ ಹಾಗೆ ಮಾಡುತ್ತಿದ್ದರೆ, ಹೆಚ್ಚು ಗಾಳಿ ದಾಟಿ ಬರುವ ಸಂಜೆಯ ಸೂರ್ಯ ಕಡುನೀಲಿಯಾಗಿ ಕಾಣಬೇಕಿತ್ತು. ಕಾಣುವುದು ಕೆಂಪು!

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಇವುಗಳ ಅಣುಗಳು ಬೆಳಕಿನ ತರಂಗಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಚಿಕ್ಕವು. ಬೆಳಕು ತಾಕಿದಾಗ ಅಣು ಅದರಲ್ಲೊಂದಿಷ್ಟನ್ನು ನುಂಗದೆ ಸುತ್ತಲೂ ಚೆಲ್ಲುತ್ತದೆ. ಇದಕ್ಕೇ ಚದುರಿಕೆ ಎನ್ನುವುದು. ಚೆಲ್ಲುವುದರಲ್ಲಿ ಪಕ್ಷಪಾತವಿದೆ: ತರಂಗದೂರ ಅರ್ಧಕ್ಕಿಳಿದರೆ ಚದುರಿಕೆ ಹದಿನಾರು ಪಟ್ಟಾಗುತ್ತದೆ. 650 ನ್ಯಾನೊಮೀಟರಿನ ಕೆಂಪಿಗೆ ಹೋಲಿಸಿದರೆ 450 ನ್ಯಾನೊಮೀಟರಿನ ನೀಲಿ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಈ ಲೆಕ್ಕ ಹಾಕಿದವರು ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ, 1871ರಲ್ಲಿ.

ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಇದು ಕಷ್ಟವಲ್ಲ. ಮೊರದಿಂದ ಬೀಳುವಾಗ ಕಾಳೂ ಹೊಟ್ಟೂ ಒಟ್ಟಿಗೇ ಇರುತ್ತವೆ. ಗಾಳಿ ಹೊಟ್ಟನ್ನು ಪಕ್ಕಕ್ಕೆ ಹಾರಿಸುತ್ತದೆ, ಕಾಳು ನೇರ ಕೆಳಗೆ ಬೀಳುತ್ತದೆ. ಬಿಸಿಲಿನಲ್ಲಿ ಎಲ್ಲ ಬಣ್ಣವೂ ಇದೆ. ಪಕ್ಕಕ್ಕೆ ಹಾರಿದ ನೀಲಿ ಆಕಾಶದ ಎಲ್ಲ ಮೂಲೆಯಿಂದಲೂ ನಮ್ಮ ಕಣ್ಣಿಗೆ ಬೀಳುತ್ತದೆ.

3. ತಪ್ಪು ಕಲ್ಪನೆ: ಗಾಳಿಯಲ್ಲಿರುವ ದೂಳು, ನೀರಾವಿಯಿಂದ ಆಕಾಶಕ್ಕೆ ನೀಲಿ ಬರುತ್ತದೆ

ವಾಸ್ತವ: ಈ ತಪ್ಪನ್ನು ದೊಡ್ಡ ವಿಜ್ಞಾನಿಗಳೂ ಮಾಡಿದ್ದಾರೆ. 1860ರ ದಶಕದಲ್ಲಿ ಜಾನ್ ಟಿಂಡಾಲ್ ಗಾಜಿನ ಕೊಳವೆಯೊಳಗೆ ಅತಿ ಸಣ್ಣ ಕಣಗಳನ್ನು ಹುಟ್ಟಿಸಿ, ಅದರೊಳಗೆ ಬೆಳಕು ಹಾಯಿಸಿ, ಆಕಾಶದಂಥದೇ ನೀಲಿ ತೋರಿಸಿದರು. ಆದ್ದರಿಂದ ಆಕಾಶದಲ್ಲೂ ಅಂಥ ಕಣಗಳೇ ಇರಬೇಕು ಎಂದು ನಂಬಲಾಯಿತು. ಗಾಳಿಯ ಅಣುಗಳೇ ಈ ಕೆಲಸಕ್ಕೆ ಸಾಕು, ದೂಳಿನ ಹಂಗು ಬೇಡ ಎಂದು ರ‍್ಯಾಲೆ ತೋರಿಸಿದ್ದು 1899ರಲ್ಲಿ.

ಮಾಲೂರಿನ ಕಡೆಯವರು ಇದನ್ನು ದಿನವೂ ನೋಡುತ್ತಾರೆ. ಇಟ್ಟಿಗೆ ಗೂಡು ಉರಿಯುವ ದಿನಗಳಲ್ಲಿ, ಬೇಸಿಗೆಯ ದೂಳೆದ್ದಾಗ ಆಕಾಶ ಬೂದು ಬಳಿದ ಹಾಗೆ ಬೆಳ್ಳಗಾಗುತ್ತದೆ. ಒಂದು ಒಳ್ಳೆಯ ಮಳೆ ಬಂದು ದೂಳು ತೊಳೆದ ಮರುದಿನ ಬೆಳಗ್ಗೆ ನೋಡಿ, ಅಚ್ಚ ನೀಲಿ. ದೂಳಿನ ಕಣ, ಮೋಡದ ಹನಿ ಬೆಳಕಿನ ತರಂಗಕ್ಕಿಂತ ಎಷ್ಟೋ ದೊಡ್ಡವು. ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚೆಲ್ಲುತ್ತವೆ. ಮೋಡ ಬೆಳ್ಳಗಿರುವುದು ಅದಕ್ಕೇ.

ಮಧ್ಯಾಹ್ನದ ನೀಲಿ, ಸಂಜೆಯ ಕೆಂಪು, ಮೋಡದ ಬಿಳಿ ಮೂರನ್ನೂ ಒಂದೇ ಪಾತ್ರೆಯಲ್ಲಿ ನೋಡಬಹುದು. ಹಾಲಿಗೆ ಹೆಸರಾದ ಜಿಲ್ಲೆ ನಮ್ಮದು. ಅಗಲವಾದ ಗಾಜಿನ ಪಾತ್ರೆಯಲ್ಲಿ ಒಂದು ಲೀಟರ್ ನೀರಿಗೆ ಕಾಲು ಚಮಚ ಹಾಲು ಹಾಕಿ ಕಲಕಿ. ಕೋಣೆಯ ದೀಪ ಆರಿಸಿ, ಒಂದು ಮಗ್ಗುಲಿನಿಂದ ಮೊಬೈಲ್ ಟಾರ್ಚ್ ಹಾಯಿಸಿ. ಪಕ್ಕದಿಂದ ನೋಡಿದರೆ ನೀರಿಗೆ ತೆಳು ನೀಲಿ ಛಾಯೆ. ಎದುರಿನಿಂದ, ನೀರಿನ ಮೂಲಕ ಟಾರ್ಚನ್ನೇ ನೋಡಿದರೆ ಹಳದಿ, ಕಿತ್ತಳೆ. ಹಾಲಿನ ಅತಿ ಸಣ್ಣ ಕಣಗಳು ಇಲ್ಲಿ ಅಣುವಿನ ವೇಷ ಹಾಕಿವೆ. ಹಾಲು ಹೆಚ್ಚಿಸುತ್ತಾ ಹೋಗಿ: ನೀಲಿ ಮಾಯವಾಗಿ ಎಲ್ಲವೂ ಬೆಳ್ಳಗಾಗುತ್ತದೆ. ಮೊದಲನೆಯದು ಮಧ್ಯಾಹ್ನ, ಎರಡನೆಯದು ಸಂಜೆ, ಮೂರನೆಯದು ಮೋಡ.

4. ತಪ್ಪು ಕಲ್ಪನೆ: ನೇರಳೆ ಬೆಳಕು ಚದುರುವುದೇ ಇಲ್ಲ, ಅದಕ್ಕೇ ಆಕಾಶ ನೇರಳೆಯಲ್ಲ

ವಾಸ್ತವ: ಮೇಲಿನ ಲೆಕ್ಕ ಓದಿದ ಜಾಣ ವಿದ್ಯಾರ್ಥಿ ಕೇಳುವ ಪ್ರಶ್ನೆ ಇದರ ಬೆನ್ನಿಗೇ ಇದೆ. ಗಿಡ್ಡ ತರಂಗವೇ ಹೆಚ್ಚು ಚದುರುವುದಾದರೆ ನೇರಳೆ ಗೆಲ್ಲಬೇಕಿತ್ತಲ್ಲ? ನೇರಳೆ ಹೆಚ್ಚೇ ಚದುರುತ್ತದೆ. 400 ನ್ಯಾನೊಮೀಟರಿನದು 450ಕ್ಕಿಂತ ಒಂದೂವರೆ ಪಟ್ಟು ಮೀರಿ. ಆದರೆ ಸೂರ್ಯನ ಬೆಳಕಿನಲ್ಲೇ ನೇರಳೆಯ ಪಾಲು ನೀಲಿಗಿಂತ ಕಡಿಮೆ, ನಮ್ಮ ಕಣ್ಣಿಗೂ ನೇರಳೆಯ ರುಚಿ ಕಡಿಮೆ. ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳು ಕಣ್ಣಿನಲ್ಲಿವೆ. ಚದುರಿದ ನೇರಳೆ, ನೀಲಿ, ಒಂದಿಷ್ಟು ಹಸಿರು ಎಲ್ಲ ಸೇರಿ ಆ ಮೂರನ್ನೂ ಮುಟ್ಟಿದಾಗ ಮಿದುಳು ಓದಿಕೊಳ್ಳುವುದು "ಸ್ವಲ್ಪ ಬಿಳಿ ಬೆರೆತ ನೀಲಿ" ಎಂದು. ಆಕಾಶದ ಬಣ್ಣದಲ್ಲಿ ನಮ್ಮ ಕಣ್ಣಿನ ಪಾಲೂ ಇದೆ.

5. ತಪ್ಪು ಕಲ್ಪನೆ: ಸಂಜೆ ಕಾವು ಇಳಿಯುವುದರಿಂದ ಸೂರ್ಯ ಕೆಂಪಾಗುತ್ತಾನೆ

ವಾಸ್ತವ: ಕುಲುಮೆಯಿಂದ ತೆಗೆದ ಕಬ್ಬಿಣ ಆರುತ್ತಾ ಕೆಂಪಾಗುವುದನ್ನು ಕಂಡವರಿಗೆ ಸೂರ್ಯನೂ ಹಾಗೆಯೇ ಅನ್ನಿಸಿದರೆ ಆಶ್ಚರ್ಯವಿಲ್ಲ. ಸೂರ್ಯ ಬೆಳಗ್ಗೆ ಹೇಗೋ ಸಂಜೆಯೂ ಹಾಗೇ. ಬದಲಾಗುವುದು ಬೆಳಕು ಸಾಗುವ ದಾರಿಯ ಉದ್ದ. ನೆತ್ತಿಯ ಮೇಲಿದ್ದಾಗ ದಾಟುವ ಗಾಳಿಗೆ ಹೋಲಿಸಿದರೆ ದಿಗಂತದಲ್ಲಿದ್ದಾಗ ಸುಮಾರು 38 ಪಟ್ಟು ಗಾಳಿಯನ್ನು ಅದು ದಾಟಬೇಕು.

ಕೋಲಾರದಲ್ಲಿ ಸೂರ್ಯ ಅಂತರಗಂಗೆ ಬೆಟ್ಟದ ಕಡೆ ಇಳಿಯುತ್ತಾನೆ. ಅದೇ ದಿಕ್ಕಿನಲ್ಲಿ ನೇರ ಪಶ್ಚಿಮಕ್ಕೆ ಹೋದರೆ ಸುಮಾರು 350 ಕಿಲೋಮೀಟರ್ ದೂರದಲ್ಲಿ ಮಂಗಳೂರು. ಅಲ್ಲಿ ಸೂರ್ಯ ಮುಳುಗುವುದು ನಮಗಿಂತ 13 ನಿಮಿಷ ತಡವಾಗಿ. ನಮ್ಮ ಕಣ್ಣಿಗೆ ಬೀಳುವ ಸಂಜೆಗಿರಣ ಕರಾವಳಿಯ, ಮಲೆನಾಡಿನ ಆಕಾಶವನ್ನು ಓರೆಯಾಗಿ ಸೀಳಿಕೊಂಡು ಬಂದದ್ದು. ದಾರಿಯುದ್ದಕ್ಕೂ ಇನ್ನೂ ಬೆಳಕಿರುವ ಊರುಗಳಿಗೆ ನೀಲಿ ಹಂಚುತ್ತಾ ಬಂದು, ಇಲ್ಲಿಗೆ ತಲುಪುವ ಹೊತ್ತಿಗೆ ತೂರಿ ತೂರಿ ಕಾಳು ಮಾತ್ರ ಉಳಿದ ರಾಗಿಯ ಹಾಗೆ ಕೆಂಪು ಉಳಿದಿರುತ್ತದೆ. ಮೂಡಲ ಬಾಗಿಲು ಎಂಬುದೇ ಮುಳಬಾಗಿಲು ಆಯಿತು ಎನ್ನುತ್ತಾರಲ್ಲ, ಆ ಬಾಗಿಲಿನಲ್ಲಿ ಬೆಳಗ್ಗೆ ಕಾಣುವ ಕೆಂಪಿಗೂ ಇದೇ ಲೆಕ್ಕ, ದಿಕ್ಕು ಮಾತ್ರ ಬೇರೆ. ಅಲ್ಲಿ ನೀಲಿ ಹಂಚಿಸಿಕೊಂಡವರು ಚಿತ್ತೂರಿನವರು, ಚೆನ್ನೈಯವರು.

6. ತಪ್ಪು ಕಲ್ಪನೆ: ದೀಪ ಹಚ್ಚುವ ಹೊತ್ತಿನ ಕಡುನೀಲಿಗೂ ಚದುರಿಕೆಯೊಂದೇ ಕಾರಣ

ವಾಸ್ತವ: ಸೂರ್ಯ ಮುಳುಗಿದ ಮೇಲೆ ನೆತ್ತಿಯ ಮೇಲಿನ ಆಕಾಶ ಕಡುನೀಲಿಯಾಗುತ್ತದೆ. ಬರೀ ಚದುರಿಕೆಯ ಲೆಕ್ಕ ಹಾಕಿದರೆ ಆ ಹೊತ್ತಿಗೆ ಅದು ಹಳದಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗಬೇಕು. ತಿರುಗದಂತೆ ಕಾಯುವುದು ಓಜೋನ್. ಓರೆ ಬೆಳಕು ಓಜೋನ್ ಪದರದಲ್ಲಿ ಬಹುದೂರ ಸಾಗಬೇಕಾಗಿ ಬಂದಾಗ, ಆ ಅನಿಲ ಹಳದಿ, ಕಿತ್ತಳೆಯನ್ನು ನುಂಗುತ್ತದೆ. ಆ ಹೊತ್ತಿನ ನೀಲಿಯಲ್ಲಿ ಹೆಚ್ಚಿನ ಪಾಲು ಓಜೋನಿನದೇ ಎಂದು ಅಮೆರಿಕದ ಹಲ್ಬರ್ಟ್ 1953ರಲ್ಲಿ ತೋರಿಸಿದರು. ಎರಡನೆಯ ಅಂಶದಲ್ಲಿ ಅಲ್ಲಗಳೆದ ಬಣ್ಣದ ನೀರಿನ ಕಥೆ ಇಂಥ ಗಳಿಗೆಯಲ್ಲಿ ಮಾತ್ರ ನಿಜವಾಗುತ್ತದೆ.

7. ತಪ್ಪು ಕಲ್ಪನೆ: ಆಕಾಶ ಏಕೆ ನೀಲಿ ಎಂದು ಕಂಡುಹಿಡಿದವರು ಸಿ.ವಿ. ರಾಮನ್

ವಾಸ್ತವ: ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನದಂದು ಶಾಲೆಗಳ ವೇದಿಕೆಯ ಮೇಲೆ ಈ ಮಾತು ಕೇಳಿಬರುತ್ತದೆ. ಹೈಸ್ಕೂಲಿನಲ್ಲಿ ನಾನೂ ಇದನ್ನೇ ಗಟ್ಟಿ ದನಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ರಾಮನ್ ನಮ್ಮವರು ಎಂಬ ಸಲಿಗೆಯೂ ಇದಕ್ಕೆ ಕಾರಣ. 1933ರಿಂದ ಬೆಂಗಳೂರಿನಲ್ಲೇ ನೆಲೆಸಿದವರು, ಅಲ್ಲೇ ಸಂಶೋಧನಾ ಸಂಸ್ಥೆ ಕಟ್ಟಿದವರು.

ರಾಮನ್ ತಲೆಗೆ ಹಚ್ಚಿಕೊಂಡದ್ದು ಸಮುದ್ರದ ನೀಲಿಯನ್ನು. 1921ರಲ್ಲಿ ಇಂಗ್ಲೆಂಡಿನಿಂದ ನರ್ಕುಂಡ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆಳ ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಅಷ್ಟೇ ಎಂಬುದು ಸಾಕ್ಷಾತ್ ರ‍್ಯಾಲೆಯವರದೇ ಮಾತು. ರಾಮನ್ ಕೈಯಲ್ಲಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ನಿಕಾಲ್ ಪಟ್ಟಕವೊಂದಿತ್ತು. ಅದನ್ನು ಬೇಕಾದ ಕೋನಕ್ಕೆ ತಿರುಗಿಸಿ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದರು. ನೀಲಿ ಹೋಗಲಿಲ್ಲ. ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ ಎಂದು ವಾದಿಸಿದರು. ನೀರು ಕೆಂಪನ್ನು ತುಸು ನುಂಗುತ್ತದೆ, ಆಳ ಹೆಚ್ಚಾದಷ್ಟೂ ಇದರ ಪಾಲು ದೊಡ್ಡದು ಎಂಬುದನ್ನೂ ಇಂದು ಸೇರಿಸಿ ಹೇಳುತ್ತೇವೆ. ಅದೇ ಹಾದಿಯಲ್ಲಿ ಕೆ.ಎಸ್. ಕೃಷ್ಣನ್ ಜೊತೆ ಕೆಲಸ ಮಾಡುತ್ತಾ 1928ರ ಫೆಬ್ರುವರಿ 28ರಂದು ಕಂಡದ್ದು ರಾಮನ್ ಪರಿಣಾಮ: ಚದುರಿದ ಬೆಳಕಿನ ಅತ್ಯಲ್ಪ ಪಾಲು ತನ್ನ ಬಣ್ಣವನ್ನೇ ಬದಲಿಸಿಕೊಂಡು ಬರುತ್ತದೆ. 1930ರ ನೊಬೆಲ್ ಅದಕ್ಕೆ. ಆಕಾಶದಲ್ಲಿ ಬಣ್ಣ ಬದಲಾಗುವುದಿಲ್ಲ, ಇದ್ದ ಬಣ್ಣಗಳು ಬೇರ್ಪಡುತ್ತವೆ. ರಾಮನ್ ಹಿರಿಮೆಗೆ ಸಮುದ್ರವೇ ಸಾಕು, ಆಕಾಶವನ್ನು ರ‍್ಯಾಲೆಯವರಿಗೆ ಬಿಟ್ಟುಕೊಡೋಣ.

ನಿಕಾಲ್ ಪಟ್ಟಕದ ಬಡ ತಮ್ಮ ಇಂದು ಅಂಗಡಿಯಲ್ಲಿ ಸಿಗುತ್ತಾನೆ: ಪೋಲರಾಯ್ಡ್ ಕನ್ನಡಕ. ಬೆಳಗ್ಗೆ ಸೂರ್ಯ ಪೂರ್ವದಲ್ಲಿದ್ದಾಗ ಅದನ್ನು ಕೈಯಲ್ಲಿ ಹಿಡಿದು, ಅದರ ಮೂಲಕ ನೆತ್ತಿಯ ಆಕಾಶ ನೋಡುತ್ತಾ ನಿಧಾನ ತಿರುಗಿಸಿ. ಒಂದು ಕೋನದಲ್ಲಿ ನೀಲಿ ಕಪ್ಪಿಡುತ್ತದೆ. ಚದುರಿ ಬಂದ ಬೆಳಕಿಗೆ ಇರುವ ಗುರುತು ಅದು. ನಮಗೆ ಕನ್ನಡಕ ಬೇಕು. ಜೇನುನೊಣ ಈ ಗುರುತನ್ನು ಬರಿಗಣ್ಣಿನಲ್ಲೇ ಓದಿ ಗೂಡಿನ ದಾರಿ ಹಿಡಿಯುತ್ತದೆ.

8. ತಪ್ಪು ಕಲ್ಪನೆ: ಆಳದ ಬಾವಿಗೆ ಇಳಿದರೆ ಹಗಲಲ್ಲೇ ನಕ್ಷತ್ರ ಕಾಣುತ್ತದೆ

ವಾಸ್ತವ: ಅರಿಸ್ಟಾಟಲನ ಕಾಲದಿಂದ ಬಂದ ಕಥೆ. ನಮ್ಮ ಕಡೆ ಇದನ್ನು ಪರೀಕ್ಷಿಸಲು ಬಾವಿಗಳಿಗೇನು ಬರವೇ? ನೀರಿಗೆ ಬರ ಅಷ್ಟೇ. ಬತ್ತಿದ ಕಲ್ಲುಕಟ್ಟಡದ ಬಾವಿಯ ತಳದಿಂದ ಮೇಲೆ ನೋಡಿದರೆ ಕಾಣುವುದು ತಟ್ಟೆಯಷ್ಟಗಲದ ನೀಲಿ, ಹೊರಗಿನಷ್ಟೇ ಪ್ರಕಾಶದ ನೀಲಿ. ಬಾವಿಯ ಗೋಡೆ ಪಕ್ಕದ ಆಕಾಶವನ್ನು ಮರೆಮಾಡುತ್ತದೆ. ನಕ್ಷತ್ರಕ್ಕೂ ನಮಗೂ ನಡುವೆ ಹೊಳೆಯುತ್ತಿರುವ ಗಾಳಿಯನ್ನು ಮರೆಮಾಡಲಾರದು. ನಕ್ಷತ್ರ ಹಗಲಲ್ಲೂ ಅಲ್ಲೇ ಇದೆ, ಈ ನೀಲಿಯ ಪರದೆ ಅದನ್ನು ಮುಚ್ಚಿದೆ. ಗಾಳಿಯಿಲ್ಲದ ಚಂದ್ರನ ಮೇಲೆ ನಡುಹಗಲಲ್ಲೂ ಆಕಾಶ ಕಪ್ಪು.

9. ತಪ್ಪು ಕಲ್ಪನೆ: ನೆರಳಿಗೆ ಬಣ್ಣವಿಲ್ಲ, ಅದು ಬರೀ ಕಪ್ಪು

ವಾಸ್ತವ: ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಯಾವುದಾದರೂ ಮಂಡಿಯ ಮುಂದೆ ಬಿಸಿಲು ನೆರಳು ಸೇರುವ ಗೆರೆಯ ಮೇಲೆ ಒಂದು ಬಿಳಿ ಹಾಳೆ ಇಡಿ, ಅರ್ಧ ಬಿಸಿಲಿಗೆ, ಅರ್ಧ ನೆರಳಿಗೆ. ಫೋಟೊ ತೆಗೆಯಿರಿ. ನೆರಳಿನ ಅರ್ಧಕ್ಕೆ ನೀಲಿ ಛಾಯೆ ಬಂದಿರುತ್ತದೆ. ಅಲ್ಲಿ ಸೂರ್ಯ ಕಾಣದಿದ್ದರೂ ಆಕಾಶ ಕಾಣುತ್ತದೆ. ನೆರಳಿಗೆ ದೀಪ ಹಿಡಿಯುವುದು ಅದೇ. ನೆರಳಿನಲ್ಲಿ ಬಾದಾಮಿ ಮಾವಿನ ಹಳದಿ ಮಂಕಾಗಿ, ಬಿಸಿಲಿಗೆ ತಂದ ಕೂಡಲೇ ಹೊಳೆಯುವುದರಲ್ಲಿ ಈ ನೀಲಿಯ ಕೈವಾಡವೂ ಇದೆ. ಆಕಾಶ ನೀಲಿಯಾಗಿ ಕಾಣುವುದಷ್ಟೇ ಅಲ್ಲ, ನಮ್ಮ ಅಂಗಳಕ್ಕೆ ನೀಲಿ ಬೆಳಕನ್ನೂ ಸುರಿಯುತ್ತದೆ.

10. ತಪ್ಪು ಕಲ್ಪನೆ: ನೀಲಿ ಇರುವುದು ಎಲ್ಲೋ ಮೇಲೆ

ವಾಸ್ತವ: ವಿಮಾನದಲ್ಲಿ ಹೋದವರು ಬಂದು ಹೇಳುತ್ತಾರೆ, ಎಷ್ಟು ಮೇಲೆ ಹೋದರೂ ನೀಲಿ ಸಿಗಲಿಲ್ಲ, ಇನ್ನೂ ಮೇಲೆಯೇ ಇತ್ತು, ಕಪ್ಪಾಗುತ್ತಾ ಇತ್ತು ಎಂದು. ಸರಿಯಾಗೇ ನೋಡಿದ್ದಾರೆ. ಮೇಲೆ ಹೋದಷ್ಟೂ ಗಾಳಿ ತೆಳು, ನೀಲಿ ಮಾಡುವ ಅಣುಗಳು ಕಡಿಮೆ. ದಟ್ಟವಾದ ಗಾಳಿ ಇರುವುದು ಕೆಳಗೆ, ನಮ್ಮ ಜೊತೆಯಲ್ಲಿ. ಒಂದು ಮಾರು ಗಾಳಿಯಲ್ಲಿ ಚದುರುವ ಬೆಳಕು ಕಣ್ಣಿಗೆ ಕಾಣದಷ್ಟು ಅಲ್ಪ. ಹತ್ತಾರು ಮೈಲಿ ಸೇರಿದರೆ ಕಾಣುತ್ತದೆ.

ಅದನ್ನು ನೋಡಲು ತಲೆ ಎತ್ತಬೇಕಾಗಿಯೂ ಇಲ್ಲ. ಮಳೆ ನಿಂತ ಮರುದಿನ ಆವಣಿ ಬೆಟ್ಟ ಹತ್ತಿ ಸುತ್ತಲೂ ನೋಡಿ. ಹತ್ತಿರದ ಗುಡ್ಡದಲ್ಲಿ ಬಂಡೆ ಬಂಡೆಯೂ ಬಿಡಿಬಿಡಿ, ಕಂದು, ಹಸಿರು. ಅದರಾಚೆಯದು ಮಾಸಲು. ಆಂಧ್ರದ ಕಡೆಯ ಕೊನೆಯ ಸಾಲು ತಿಳಿನೀಲಿ, ಒಂದು ಗೀರೂ ಇಲ್ಲದ ನುಣುಪು. ಆ ಬೆಟ್ಟವೂ ಇಲ್ಲಿಯದರ ಹಾಗೆ ಬಂಡೆ, ಮುಳ್ಳು, ಕುರುಚಲು ಗಿಡವೇ. ಅದಕ್ಕೂ ನಮಗೂ ನಡುವಿನ ಗಾಳಿ ಬಿಸಿಲನ್ನು ಚೆಲ್ಲಿ ಅದರ ಮೇಲೊಂದು ತೆಳು ಆಕಾಶ ಹೊದಿಸಿದೆ. ದೂರದ ಬೆಟ್ಟ ನುಣ್ಣಗೆ ಎಂದ ಹಿರಿಯರು ನೋಡಿದ್ದು ಈ ನೀಲಿಯ ಮೂಲಕವೇ. ಅಲ್ಲಿನವರು ಈ ಕಡೆ ತಿರುಗಿ ನೋಡಿದರೆ, ನಾವು ನಿಂತಿರುವ ಆವಣಿಯೂ ಅಷ್ಟೇ ನೀಲಿ.